ಹಳೆಯ ರಥಕ್ಕೆ ಹೊಸ ಕೀಲು

ಅಂಬಾಸಡರ್ ಕಾರಿನ ಎಂಜಿನ್ನು ಚಳಿಗಾಲದ ಬೆಳಗ್ಗೆ ಎಚ್ಚರಗೊಳ್ಳುವಾಗ ಮಾಡುವ ಸದ್ದನ್ನು ಕೇಳಿ ಬೆಳೆದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕೇಳದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಮೈಸೂರಿನಲ್ಲಿ ನನ್ನ ಸೋದರಮಾವನವರ ಮನೆಯ ಮುಂದೆ ಅಂಥದೊಂದು ಕಾರು ಇತ್ತು. ಚೋಕನ್ನೆಳೆದು ಎರಡು ಸಲ ಕೆಮ್ಮಿಸಿದ ಮೇಲೆ, ಮೂರನೆಯ ಸಲಕ್ಕೆ ಅದು ಗಂಟಲು ಸರಿಪಡಿಸಿಕೊಂಡು ಗುರುಗುಟ್ಟತೊಡಗಿತೆಂದರೆ ಬೀದಿಗೆಲ್ಲ ಆರೂವರೆಯಾಯಿತೆಂದು ತಿಳಿಯುತ್ತಿತ್ತು. ಆ ಸದ್ದನ್ನು ನಾನು ಮತ್ತೆ ಕೇಳಿದ್ದು 2024ರ ಬೇಸಿಗೆಯ ರಜೆಯಲ್ಲಿ, ಮೈಸೂರಿನಿಂದ ಸುಮಾರು ಎಂಟು ಸಾವಿರ ಕಿಲೋಮೀಟರು ದೂರದಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಒಂದು ಹಳ್ಳಿಯಲ್ಲಿ. ಆದರೆ ಅಲ್ಲಿ ನಿಂತಿದ್ದುದು ಅಂಬಾಸಡರ್ ಅಲ್ಲ. ಸೊಂಟದೆತ್ತರವೂ ಬಾರದ, ಇಬ್ಬರೇ ಕೂರಬಹುದಾದ, ಬಟ್ಟೆಯ ಕೊಡೆಯನ್ನು ಹಿಂದಕ್ಕೆ ಮಡಿಸಿಕೊಂಡ ಒಂದು ಹಸಿರು ಕ್ರೀಡಾಕಾರು. ನನ್ನ ಪಕ್ಕದಲ್ಲಿದ್ದ ಮಾವನವರು ಒಂದು ಕ್ಷಣ ಕಿವಿಗೊಟ್ಟು ನಿಂತು, “ಇದು ನಮ್ಮದೇ ಕಣೋ!” ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು.

ಆ ಕಾರಿನ ಹೆಸರು ಎಂಜಿಬಿ. ಎಂಜಿ ಎಂಬ ಎರಡಕ್ಷರದ ಎಂಟು ಮೂಲೆಯ ಬಿಲ್ಲೆಯನ್ನು ನಮ್ಮ ನಗರಗಳಲ್ಲಿ ಓಡಾಡುವ ಹೊಸ ಕಾರುಗಳ ಮೂತಿಯ ಮೇಲೆ ವಾಚಕರು ಕಂಡಿರಬಹುದು. ಹೆಸರು ಈಗ ಚೀನದ ಸಂಸ್ಥೆಯೊಂದರ ಸ್ವತ್ತಾಗಿದೆ. ಅಕ್ಷರಗಳ ಮೂಲ ಮಾತ್ರ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. ಅಲ್ಲಿಗೆ ಹತ್ತಿರದ ಅಬಿಂಗ್ಡನ್ ಪಟ್ಟಣದ ಕಾರ್ಖಾನೆಯಿಂದ 1962ರಲ್ಲಿ ಹೊರಬಂದ ಎಂಜಿಬಿಯನ್ನು 1980ರ ಅಕ್ಟೋಬರಿನಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ ತಯಾರಿಸಿದರು. ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮೀರಿ ಕಾರುಗಳು. ಇದು ರಾಜಮಹಾರಾಜರ ವಾಹನವಲ್ಲವೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಸಂಬಳವನ್ನು ಎಣಿಸಿ ಖರ್ಚು ಮಾಡುವ ತರುಣನೂ ಕೊಳ್ಳಬಹುದಾಗಿದ್ದ ಕ್ರೀಡಾಕಾರು ಅದು. ಆದುದರಿಂದಲೇ ಅದರ ಭಾಗಗಳೆಲ್ಲ ಸಾಮಾನ್ಯ ಸಂಸಾರದ ಕಾರುಗಳಿಂದ ಬಂದವು. ಮುಖ್ಯವಾಗಿ ಎಂಜಿನ್ನು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ವಂಶದಲ್ಲಿ ಹುಟ್ಟಿದ ಆ ಎಂಜಿನ್ನಿನ ಸಹೋದರವೇ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರಿನ ಬೋನೆಟ್ಟಿನ ಕೆಳಗೂ ಇದ್ದದ್ದು. ಅಂಬಾಸಡರಿನದು 1489 ಘನ ಸೆಂಟಿಮೀಟರು, ಎಂಜಿಬಿಯದು 1798. ಆದರೆ ಎರಡರಲ್ಲಿಯೂ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುವ ದೂರ ಒಂದೇ: 88.9 ಮಿಲಿಮೀಟರು. ಸಿಲಿಂಡರಿನ ಬಾಯಿ ಅಗಲವಾಗಿದೆ. ಒಂದು ಕಾರ್ಬೊರೇಟರ್ ಇದ್ದಲ್ಲಿ ಎರಡಿವೆ. ಉಸಿರಾಟ ಜೋರಾಯಿತೇ ಹೊರತು ಧ್ವನಿ ಬದಲಾಗಲಿಲ್ಲ.

ಮಾವನವರ ಮಗ ಇಂಗ್ಲೆಂಡಿನಲ್ಲಿ ನೆಲಸಿ ಹತ್ತು ವರ್ಷಗಳಾಗಿವೆ. ವೃತ್ತಿ ಕಂಪ್ಯೂಟರಿನದು. 2020ರಲ್ಲಿ, ಮನೆಯಿಂದ ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ, ಇವನು ಮಾಡಿದ ಕೆಲಸವೆಂದರೆ ಹದಿನೆಂಟು ವರ್ಷ ಕೊಟ್ಟಿಗೆಯೊಂದರಲ್ಲಿ ನಿಂತಿದ್ದ 1966ರ ಎಂಜಿಬಿಯನ್ನು ಚಿತ್ರ ನೋಡಿ ಕೊಂಡದ್ದು. ಚಿತ್ರ ನೋಡಿ ಹೆಣ್ಣನ್ನು ಒಪ್ಪಿದವರುಂಟು. ಹಳೆಯ ಕಾರನ್ನು ಮಾತ್ರ ಯಾರೂ ಹಾಗೆ ಒಪ್ಪಬಾರದು. ಕಾರು ಮನೆಗೆ ಬಂದ ದಿನವೇ ಅವನು ಬಾಗಿಲಿನ ಕೆಳಭಾಗವನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದನಂತೆ. ಅದು ಹಿಡಿಯವರೆಗೂ ಒಳಕ್ಕೆ ಹೋಯಿತು. ಮೊದಲಿನ ಯಜಮಾನ ತೂತುಗಳಿಗೆಲ್ಲ ಪುಟ್ಟಿ ಬಳಿದು, ಮೇಲೆ ಬಣ್ಣ ಹೊಡೆದು ಮುಚ್ಚಿಟ್ಟಿದ್ದನು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ಹಳೆಯ ಕಾರಿನ ಜೀರ್ಣೋದ್ಧಾರವೆಂದರೆ ಎಂಜಿನ್ನನ್ನು ಬಿಚ್ಚಿ ಕಟ್ಟುವುದೆಂದು ನಾವೆಲ್ಲ ಭಾವಿಸಿದ್ದೇವೆ. ಎಂಜಿನ್ನು ಕೆಲಸದಲ್ಲಿ ಸುಲಭವಾದ ಭಾಗ. ಕಷ್ಟವಿರುವುದು ತಗಡಿನಲ್ಲಿ. ಎಂಜಿಬಿಗೆ ಮೊದಲಿದ್ದ ಎಂಜಿಎ ಕಾರಿಗೆ ಕೆಳಗೆ ಬೇರೆಯಾದ ಚಾಸಿ ಇತ್ತು. ಮೈಯನ್ನು ಅದರ ಮೇಲೆ ಕೂರಿಸಿದ್ದರು. ಎಂಜಿಬಿಯಲ್ಲಿ ಆ ಚಾಸಿಯನ್ನು ಕೈಬಿಟ್ಟು, ತಗಡನ್ನೇ ಮಡಿಸಿ, ಬೆಸೆದು, ಮೈಯಿಂದಲೇ ಭಾರವನ್ನು ಹೊರಿಸಿದರು. ಮೇಲೆ ಛಾವಣಿಯಿಲ್ಲದ ಕಾರಿಗೆ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಮುಖ್ಯ ಬಲವೆಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಎರಡು ಪೊಳ್ಳು ತೊಲೆಗಳು. ಇಂಗ್ಲಿಷರು ಇವನ್ನು ‘ಸಿಲ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೊಸ್ತಿಲು. ಹೊರಗೊಂದು, ನಡುವೆ ಒಂದು, ಒಳಗೊಂದು ಎಂದು ಈ ಹೊಸ್ತಿಲಿಗೆ ಮೂರು ತಗಡಿನ ಗೋಡೆಗಳು. ಆ ದೇಶದಲ್ಲಿ ಚಳಿಗಾಲಕ್ಕೆ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಚೆಲ್ಲುತ್ತಾರಷ್ಟೆ. ಉಪ್ಪುನೀರು ಈ ಪೊಳ್ಳಿನೊಳಗೆ ಸೇರಿ, ಹೊರಗಿನವರ ಕಣ್ಣಿಗೆ ಬೀಳುವ ಮೊದಲೇ ನಡುವಿನ ಗೋಡೆಯನ್ನು ತಿಂದು ಹಾಕುತ್ತದೆ.

ಕೊಳೆತ ಹೊಸ್ತಿಲನ್ನು ಕತ್ತರಿಸಿ ತೆಗೆಯುವುದಕ್ಕೆ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಬೆಸೆಯಬೇಕು. ಬೆಸೆಯದೆ ಕತ್ತರಿಸಿದರೆ ಕಾರು ಸೊಂಟ ಮುರಿದ ಎತ್ತಿನಂತೆ ನಡುವೆ ಬಗ್ಗಿಬಿಡುತ್ತದೆ. ಆಮೇಲೆ ಎಷ್ಟು ಚೆಂದದ ಹೊಸ ತಗಡು ಹಾಕಿದರೂ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಅವನು ಬೆಸುಗೆಯನ್ನು ಸಂಜೆಯ ತರಗತಿಗೆ ಹೋಗಿ ಕಲಿತನು. ಒಂದು ಪಕ್ಕದ ಹೊಸ್ತಿಲಿಗೆ ಐದು ತಿಂಗಳು ಹಿಡಿಯಿತು, ಇನ್ನೊಂದಕ್ಕೆ ಎರಡು.

ಇಷ್ಟು ಪಾಡೇಕೆ, ಹೊಸ ಮೈಯನ್ನೇ ಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ, ಕೊಳ್ಳಲೂ ಬಹುದು. ಕಾರ್ಖಾನೆ ಮುಚ್ಚಿದ ಮೇಲೆ ತಗಡನ್ನೊತ್ತುವ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಎಂಜಿಬಿಯ ಪೂರ್ಣ ಮೈಯನ್ನು ಹೊಸದಾಗಿ ತಯಾರಿಸಲಾರಂಭಿಸಿತು. ಸತ್ತ ಕಾರಿಗೆ ಹುಟ್ಟಿದಂದಿನ ದೇಹ! ಬೆಲೆ, ನಮ್ಮವನು ಇಡೀ ಕಾರನ್ನು ಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಕಾರಣ ಅದೊಂದೇ ಅಲ್ಲವೆಂದು ಅವನು ಹೇಳುತ್ತಾನೆ, ನಾನು ನಂಬಿದ್ದೇನೆ. ನಾನು ಹಳಗನ್ನಡ ಪಾಠ ಹೇಳುವವನು. ಓಲೆಗರಿಯಲ್ಲಿ ಗೆದ್ದಲು ತಿಂದ ಜಾಗದಲ್ಲಿ ಸಂಪಾದಕ ತನ್ನ ಊಹೆಯ ಅಕ್ಷರವನ್ನು ಕಂಸದೊಳಗೆ ಬರೆಯುತ್ತಾನೆ, ಉಳಿದುದನ್ನು ಮುಟ್ಟುವುದಿಲ್ಲ. ಓದಲು ಹಿತವಾಗಲೆಂದು ಪದ್ಯವನ್ನೆಲ್ಲ ತಾನೇ ಹೊಸದಾಗಿ ಬರೆದುಕೊಟ್ಟರೆ ಅದು ಸೊಗಸಾದ ಪದ್ಯವಾಗಿರಬಹುದು, ಆ ಕವಿಯದಾಗಿರುವುದಿಲ್ಲ. ಆದರೂ ತಿನ್ನಲು ಗೆದ್ದಲಿಗೂ ಏನೂ ಉಳಿಯದ ಕಾರುಗಳಿಗೆ ಹೆರಿಟೇಜಿನ ಮೈ ಮರುಜನ್ಮ ಕೊಟ್ಟಿದೆಯೆಂಬುದನ್ನು ಅಲ್ಲಗಳೆಯಲಾರೆ.

ಮೈ ಗಟ್ಟಿಯಾಯಿತು. ಜಗಳ ಹುಟ್ಟಿದ್ದು ಆಮೇಲೆ, ಎಂಜಿನ್ನಿನ ವಿಷಯದಲ್ಲಿ.

ಮಗನಿಗೆ ಕಾರನ್ನು ಭಾನುವಾರದ ಆಟಿಕೆಯಾಗಿ ಇಟ್ಟುಕೊಳ್ಳುವ ಮನಸ್ಸಿರಲಿಲ್ಲ. ಹೆದ್ದಾರಿಯಲ್ಲಿ ಓಡಬೇಕು, ಮಳೆಯಲ್ಲಿ ನಿಲ್ಲಬಾರದು, ಹೆಂಡತಿ ಪಕ್ಕದಲ್ಲಿ ಕೂತು ದೇವರ ನಾಮ ಜಪಿಸುವಂತಾಗಬಾರದು. ಹಳೆಯ ಎಂಜಿನ್ನನ್ನು ತೆಗೆದು ಜಪಾನೀ ಎಂಜಿನ್ನೊಂದನ್ನು ಕೂರಿಸಿಬಿಡುವುದೆಂದು ನಿಶ್ಚಯಿಸಿದನು. ಇದೇನು ಹೊಸ ಪಾಪವಲ್ಲ. ಎಂಜಿ ಕಾರ್ಖಾನೆಯೇ 1973ರಿಂದ 1976ರವರೆಗೆ ಎಂಜಿಬಿಯ ಛಾವಣಿಯುಳ್ಳ ಮಾದರಿಗೆ ರೋವರ್ ಸಂಸ್ಥೆಯ ಎಂಟು ಸಿಲಿಂಡರಿನ ಎಂಜಿನ್ನು ಹಾಕಿ ಮಾರಿತ್ತು. 1990ರ ದಶಕದ ಮೊದಲರ್ಧದಲ್ಲಿ ರೋವರ್ ಸಂಸ್ಥೆ ಎಂಜಿಬಿಯ ಮೈಯನ್ನೇ ಆಧರಿಸಿ ಆರ್‌ವಿ8 ಎಂಬ ಕಾರನ್ನು ತಂದಿತು. ಬಹುಪಾಲು ಜಪಾನಿಗೆ ಹೋದವು. 2012ರಲ್ಲಿ, ಎಂಜಿಬಿಗೆ ಐವತ್ತು ತುಂಬಿದಾಗ, ಹೆರಿಟೇಜಿನ ಮೈಯೊಳಗೆ ಮಾಜ್ದಾ ಎಂಜಿನ್ನಿಟ್ಟು ಕಟ್ಟಿದ ಕಾರೂ ಮಾರಾಟಕ್ಕೆ ಬಂದಿತು. ಎಂಜಿನ್ನನ್ನೇ ಕಿತ್ತು ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ತುಂಬುವವರೂ ಇದ್ದಾರೆ. ಅದನ್ನು ಮಾವನವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಫೋನಿನಲ್ಲಿ ಮಗನ ಯೋಜನೆಯನ್ನು ಕೇಳಿದ ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಕಾರಿಗೆ ಏನಾಯ್ತು ಅಂತ ನಿನಗೆ ನೆನಪಿದೆಯೇನೋ?” ಎಂದು ಕೇಳಿದರು.

ನನಗೆ ನೆನಪಿತ್ತು. 1998ರಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಅಂಬಾಸಡರಿನ ಎಂಜಿನ್ನನ್ನು ತೆಗೆಸಿ ಡೀಸೆಲ್ ಎಂಜಿನ್ನು ಹಾಕಿಸಿದ್ದರು. ಆ ಕಾಲದಲ್ಲಿ ಹಾಗೆ ಮಾಡಿಸದವರೇ ಕಡಮೆ. ಮೆಕ್ಯಾನಿಕ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದನು: ಹೊಸ ಎಂಜಿನ್ನು ಕೂರಲೆಂದು ಹಳೆಯ ಆಸರೆಗಳನ್ನು ಗ್ಯಾಸಿನಿಂದ ಕತ್ತರಿಸಿ ಬೇರೆಯವನ್ನು ಬೆಸೆದಿದ್ದನು. ಇಳಿಸಿದ ಪೆಟ್ರೋಲ್ ಎಂಜಿನ್ನು ಗೋಣಿಚೀಲ ಹೊದ್ದು ಹಿತ್ತಲಲ್ಲಿ ಎರಡು ಮಳೆಗಾಲ ಕೂತು, ಕೊನೆಗೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಖರ್ಚೇನೋ ಇಳಿಯಿತು. ಬೀದಿಯವರು ಬೆಳಗ್ಗೆ ಗಡಿಯಾರ ನೋಡಲಾರಂಭಿಸಿದರು. ಕೆಲವು ವರ್ಷಗಳ ಮೇಲೆ ಮಾವನವರಿಗೆ ಮೊದಲಿನಂತೆ ಮಾಡಿಸೋಣವೆಂದು ಮನಸ್ಸಾದಾಗ ಎಂಜಿನ್ನೂ ಇರಲಿಲ್ಲ, ಅದನ್ನು ಕೂರಿಸುವ ಆಸರೆಯೂ ಇರಲಿಲ್ಲ. “ಹಾಕಿಸಿದ್ದು ತಪ್ಪಲ್ಲ ಕಣೋ,” ಎಂದರು ಅವರು ಮಗನಿಗೆ, “ಹಿಂದಕ್ಕೆ ಬರೋ ದಾರೀನ ಕಡಿಸಿದ್ದು ತಪ್ಪು.”

ಇದೇ ಮಾತನ್ನು ವಿದ್ವಾಂಸರು ಬೇರೆ ರೀತಿಯಲ್ಲಿ ಹೇಳಿದ್ದಾರೆ. ಪುರಾತನ ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ಒಂದು ಸನ್ನದು ರಚಿತವಾಯಿತು. ಅದನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2010ರ ದಶಕದ ಆರಂಭದಲ್ಲಿ ಟ್ಯೂರಿನ್ ಸನ್ನದನ್ನು ಹೊರತಂದಿತು. ಅನಿವಾರ್ಯವಾದ ಮಾರ್ಪಾಡುಗಳನ್ನು ಮಾಡಬಹುದು. ಆದರೆ ಅವು ಬೇಕಾದಾಗ ತೆಗೆದುಹಾಕಬಹುದಾದಂಥವಾಗಿರಬೇಕು, ಕಳಚಿದ ಮೂಲಭಾಗಗಳನ್ನು ವಾಹನದೊಡನೆಯೇ ಇಟ್ಟಿರಬೇಕು ಎಂಬುದು ಅದರ ಆಶಯ. ಇಲ್ಲಿನ ಕಾನೂನಿಗೂ ಅಲ್ಲಿನ ಕಾನೂನಿಗೂ ಈ ಪ್ರಶ್ನೆ ಬಂದಿದೆ. ಭಾರತದಲ್ಲಿ 2021ರ ನಿಯಮದಂತೆ ಐವತ್ತು ವರ್ಷ ಮೀರಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೆ ಅದರ ಚಾಸಿ, ಮೈ, ಎಂಜಿನ್ನುಗಳು ಗಣನೀಯವಾಗಿ ಬದಲಾಗಿರಬಾರದು. ಹಾಗೆ ನೋಂದಾಯಿಸಿದ ಕಾರು ದಿನಬಳಕೆಗೆ ಸಲ್ಲದು. ಬ್ರಿಟನ್ನಿನಲ್ಲಿ 2018ರಿಂದ ನಲವತ್ತು ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಉಂಟು. ಅಲ್ಲಿಯೂ ಷರತ್ತು ಗಣನೀಯ ಬದಲಾವಣೆ ಇರಬಾರದೆಂಬುದೇ. ಆದರೆ ಸುರಕ್ಷತೆಗಾಗಿ ಚಕ್ರ, ಅಚ್ಚುಗಳ ಕಡೆ ಮಾಡಿದ ಸುಧಾರಣೆಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರು ರಸ್ತೆಯಲ್ಲಿ ಓಡಬೇಕಾದದ್ದು, ಗಾಜಿನ ಪೆಟ್ಟಿಗೆಯಲ್ಲಿಟ್ಟ ತಾಮ್ರಪಟವಲ್ಲ ಎಂಬ ತಿಳಿವು ಅದರ ಹಿಂದಿದೆ. ಈ ವಿಷಯದಲ್ಲಿ ನನ್ನ ಒಲವು ಅವರ ಕಡೆಗೇ. ನಮ್ಮವನಂತೂ ವಿನಾಯಿತಿಯಿದ್ದರೂ ವರ್ಷಕ್ಕೊಮ್ಮೆ ತಾನಾಗಿಯೇ ಕಾರನ್ನು ತಪಾಸಣೆಗೆ ಒಯ್ಯುತ್ತಾನೆ.

ಕೊನೆಗೆ ಹಳೆಯ ಎಂಜಿನ್ನೇ ಉಳಿಯಿತು. ಅದರ ಸುತ್ತ ಏನೇನು ಬದಲಾಯಿತೆಂಬುದನ್ನು ಕೇಳಿ.

ಮೊದಲನೆಯದು ಪೆಟ್ರೋಲಿನ ಸಮಸ್ಯೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ವಾಲ್ವು ಬಡಿಯುವ ಜಾಗ ಸವೆಯದಂತೆ ಅದು ಒಂದು ಬಗೆಯ ಕವಚವಾಗುತ್ತಿತ್ತು. ವಿಷವೆಂದು ತಿಳಿದು, ಬ್ರಿಟನ್ನು ಭಾರತಗಳೆರಡರಲ್ಲೂ 2000ನೆಯ ಇಸವಿಯ ಆರಂಭಕ್ಕೆ ಅದನ್ನು ನಿಲ್ಲಿಸಿದರು. ಆದುದರಿಂದ ಎಂಜಿನ್ನಿನ ತಲೆಯನ್ನು ಬಿಚ್ಚಿಸಿ, ಹೊಗೆ ಹೊರಹೋಗುವ ವಾಲ್ವುಗಳ ಕೆಳಗೆ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಬೇಕಾಯಿತು. ಕೆಲಸ ನಡೆದಿರುವಾಗಲೇ, 2021ರಲ್ಲಿ, ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 10ಕ್ಕೆ ಏರಿತು. ಎಥನಾಲು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಪೆಟ್ರೋಲ್ ಹರಿಯುವ ಕೊಳವೆಗಳನ್ನೆಲ್ಲ ಹೊಸ ಜಾತಿಯ ರಬ್ಬರಿಗೆ ಬದಲಾಯಿಸಿದನು. ಶೇಕಡ 20ರ ಮಿಶ್ರಣ ಬಂದಿರುವ ನಮ್ಮಲ್ಲಿ ಹಳೆಯ ಸ್ಕೂಟರು ಕಾರುಗಳನ್ನು ಇಟ್ಟುಕೊಂಡಿರುವ ವಾಚಕರು ಈ ಒಂದು ಮಾತನ್ನು ಗುರುತು ಹಾಕಿಕೊಳ್ಳಲಿ: ಸೋರುವ ಕೊಳವೆ ಬಿಸಿ ಎಂಜಿನ್ನಿನ ಮೇಲೆಯೇ ಸೋರುತ್ತದೆ.

ಎರಡನೆಯದು ವಿದ್ಯುತ್ತು. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಇಂದಿನ ಕಾರುಗಳೆಲ್ಲ ಇದಕ್ಕೆ ವಿರುದ್ಧ. ಹಾಗೆಯೇ ಬಿಟ್ಟರೆ ಇಂದಿನ ಸಲಕರಣೆಗಳನ್ನು ಜೋಡಿಸುವುದು ಅಪಾಯ. ಅಗ್ರಗಳನ್ನು ಅದಲುಬದಲು ಮಾಡಿ, ಆರು ಆರು ವೋಲ್ಟಿನ ಎರಡು ಬ್ಯಾಟರಿಗಳ ಬದಲು ಹನ್ನೆರಡರದೊಂದನ್ನಿಟ್ಟು, ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದನು. ದೀಪಗಳ ಕರೆಂಟು ಹಳೆಯ ಕ್ರಮದಲ್ಲಿ ಚಾಲಕನ ಮುಂದಿನ ಸ್ವಿಚ್ಚಿನ ಮೂಲಕವೇ ಸುತ್ತಿ ಬಂದು ದಾರಿಯಲ್ಲಿ ಸೊರಗುತ್ತಿತ್ತು; ನಡುವೆ ರಿಲೇ ಇಟ್ಟದ್ದರಿಂದ ಅದೇ ದೀಪಗಳು ಎರಡರಷ್ಟು ಬೆಳಗುವಂತೆ ಕಂಡವು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಕಂಡೆನ್ಸರುಗಳನ್ನು ತೆಗೆದು, ಅಲ್ಲಿ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಎಲೆಕ್ಟ್ರಾನಿಕ್ ತುಣುಕನ್ನು ಕೂರಿಸಿದನು. ಮುಚ್ಚಳ ಹಾಕಿದ ಮೇಲೆ ಹೊರಗಿನಿಂದ ವ್ಯತ್ಯಾಸ ಗೊತ್ತಾಗದು.

ಇನ್ನುಳಿದವು ಬೇಗ ಮುಗಿದವು. ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ನೀರು ಕುದಿಯದಂತೆ ವಿದ್ಯುತ್ ಫ್ಯಾನು. ಕಾಲಿನ ಶ್ರಮ ಕಡಮೆಯಾಗಲು ಬ್ರೇಕಿಗೆ ಸರ್ವೊ. ಬಿಗಿದು ಕಟ್ಟುವ ಬೆಲ್ಟಿನ ಬದಲು ತಾನಾಗಿ ಸುತ್ತಿಕೊಳ್ಳುವ ಬೆಲ್ಟು. ಗೇರಿನ ವಿಷಯದಲ್ಲಿ ಮಾತ್ರ ಇನ್ನೊಂದು ಸುತ್ತು ಚರ್ಚೆಯಾಯಿತು. ಗಂಟೆಗೆ 70 ಮೈಲಿಯ ಹೆದ್ದಾರಿ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಈ ಎಂಜಿನ್ನು ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗಿ ಅರಚುತ್ತದೆ. ಫೋರ್ಡ್ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ಎಂಜಿಬಿಗೆ ಹೊಂದಿಸುವ ಸಾಮಗ್ರಿ ದೊರೆಯುತ್ತದೆ. ಬಹಳ ಮಂದಿ ಹಾಕಿಸಿದ್ದಾರೆ. ಇವನು ಅದನ್ನು ಬಿಟ್ಟು, ಆ ಕಾಲದಲ್ಲಿಯೇ ಹೆಚ್ಚಿನ ಬೆಲೆಗೆ ಕಾರ್ಖಾನೆ ಕೊಡುತ್ತಿದ್ದ ಓವರ್‌ಡ್ರೈವ್ ಸಹಿತವಾದ ಗೇರುಪೆಟ್ಟಿಗೆಯನ್ನು ಎಂಟು ತಿಂಗಳು ಹುಡುಕಿ ತಂದನು. ಗುಂಡಿಯೊಂದನ್ನು ಒತ್ತಿದರೆ ಸುತ್ತುಗಳು 3,200ರ ಸಮೀಪಕ್ಕೆ ಇಳಿಯುತ್ತವೆ, ಮಾತಾಡಿದರೆ ಪಕ್ಕದವರಿಗೆ ಕೇಳಿಸುತ್ತದೆ.

ತೆಗೆದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ಎಲ್ಲಿಂದ ಎಂದು ತೆಗೆದದ್ದೆಂದು ಬರೆದು ಮರದ ಪೆಟ್ಟಿಗೆಯೊಂದರಲ್ಲಿ ಜೋಡಿಸಿಟ್ಟಿದ್ದಾನೆ. ಮಾವನವರು ಇಂಗ್ಲೆಂಡಿಗೆ ಹೋದೊಡನೆ ಮೊದಲು ನೋಡಿದ್ದು ಕಾರನ್ನಲ್ಲ, ಆ ಪೆಟ್ಟಿಗೆಯನ್ನು. ಡೈನಮೊವನ್ನು ಎತ್ತಿ ತೂಕ ನೋಡಿ ಕೆಳಗಿಟ್ಟರು. ಪಾಯಿಂಟು, ಕಂಡೆನ್ಸರುಗಳ ಪೊಟ್ಟಣವನ್ನು ಮಾತ್ರ ತಿರುಗಿ ಇಡದೆ, “ಇದು ಡಿಕ್ಕೀಲಿರಲಿ” ಎಂದರು. ಮಗ ನಕ್ಕನು. ಎಲೆಕ್ಟ್ರಾನಿಕ್ ತುಣುಕಿಗೆ ಸವೆಯುವ ಭಾಗವೇ ಇಲ್ಲವೆಂದು ವಿವರಿಸಿದನು. ಮಾವನವರು ಒಪ್ಪಿಕೊಂಡು ಪೊಟ್ಟಣವನ್ನು ಡಿಕ್ಕಿಯಲ್ಲಿಟ್ಟರು.

ನಾಲ್ಕನೆಯ ದಿನ ಅಪ್ಪ ಮಗ ಇಬ್ಬರೂ ಎಂಜಿಬಿಯಲ್ಲಿ ಅಬಿಂಗ್ಡನ್ನಿಗೆ ಹೊರಟರು. ಮೂರನೆಯವನಿಗೆ ಅದರಲ್ಲಿ ಜಾಗವಿಲ್ಲ; ನಾನು ಅತ್ತಿಗೆಯವರ ಕಾರಿನಲ್ಲಿ ಹಿಂದಿನಿಂದ ಹೋದೆ. ಕಾರ್ಖಾನೆ ಈಗಿಲ್ಲ. ಊರನ್ನು ಸುತ್ತಿ ಹಿಂದಿರುಗುವಾಗ ಮಳೆ ಹಿಡಿಯಿತು. ಎರಡು ಹಳ್ಳಿಗಳ ನಡುವೆ ಮುಂದಿನ ಕಾರು ಸದ್ದಿಲ್ಲದೆ ರಸ್ತೆಯ ಅಂಚಿಗೆ ಸರಿದು ನಿಂತುಬಿಟ್ಟಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ದೀಪ ಆರಿದಂತೆ ಆರಿತು. ಪೆಟ್ರೋಲು ಬರುತ್ತಿದೆ, ಕಿಡಿ ಹಾರುತ್ತಿಲ್ಲ. ಮಗ ಫೋನು ತೆಗೆದು ಆ ತುಣುಕಿನ ತಯಾರಕರ ಸೂಚನೆಗಳನ್ನು ಓದತೊಡಗಿದನು. ಮಾವನವರು ಕನ್ನಡಕ ಒರೆಸಿಕೊಂಡು, ನನ್ನ ಕೈಗೆ ಕೊಡೆ ಕೊಟ್ಟು ಬೋನೆಟ್ಟಿನ ಮೇಲೆ ಹಿಡಿಯಹೇಳಿದರು.

ಎಪ್ಪತ್ತೆರಡು ವರ್ಷದ ಬೆರಳುಗಳು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ತುಣುಕನ್ನು ಬಿಚ್ಚಿ, ಪಾಯಿಂಟನ್ನು ಅದರ ಹಳೆಯ ಜಾಗದಲ್ಲಿಯೇ ಕೂರಿಸಿದರು. ಜಾಗವನ್ನು ಯಾರೂ ಕತ್ತರಿಸಿರಲಿಲ್ಲ. ಸ್ಕ್ರೂವಿನ ತೂತು ಅಲ್ಲಿಯೇ ಇತ್ತು. ಮಗ ಫೀಲರ್ ಗೇಜು ತೆಗೆದು ಎಷ್ಟಿರಬೇಕೆಂದು ಫೋನಿನಲ್ಲಿ ಹುಡುಕುವಷ್ಟರಲ್ಲಿ ಮಾವನವರು ಹದಿನೈದರ ಅಲಗನ್ನು, ಎಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲಿನದನ್ನು, ಬೇರೆ ಮಾಡಿ ಹಿಡಿದಿದ್ದರು. “ಅಪ್ಪ, ಬ್ಯಾಟರಿಯ ಅಗ್ರ ಅದಲುಬದಲಾಗಿದೆಯಲ್ಲ, ಪರವಾಗಿಲ್ಲವೆ?” ಎಂದನು ಮಗ. “ಪಾಯಿಂಟಿಗೆ ಧನವೂ ಒಂದೇ ಋಣವೂ ಒಂದೇ, ಮುಚ್ಚಳ ಕೊಡು” ಎಂದರು.

ಕೀಲಿ ತಿರುವಿದೊಡನೆ ಎಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹಿಡಿಯಿತು. ಮಗ ಬೋನೆಟ್ಟು ಮುಚ್ಚಲು ಬಂದನು. ಮಾವನವರು ಕೈಯಡ್ಡ ಮಾಡಿ, ಮಳೆಯಲ್ಲಿಯೇ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಾ ನಿಂತರು.

“ಮೂರನೇ ಟ್ಯಾಪೆಟ್ಟು ಸಡಿಲ ಇದೆ,” ಎಂದರು. “ಮನೆಗೆ ಹೋಗಿ ನೋಡೋಣ.”